ಸೂಜಿಯಿಂದ ಕತ್ತರಿಗೆ: ಉಡುಪಿನ ಕೌಶಲ, ಮಾರ್ಗದರ್ಶನ ಮತ್ತು ಸ್ತ್ರೀ ಸ್ವಾವಲಂಬನೆ

೧

ಸಂಕಷ್ಟಕ್ಕೆ ಸಿಲುಕಿದ ಹೆಣ್ಣಿಗೆ ನೆರವಾಗಬೇಕೆಂದಾಗ ಆಧುನಿಕ ಭಾರತೀಯ ಸಮಾಜಕ್ಕೆ ಮೊದಲು ನೆನಪಾಗುವ ಸಾಧನಗಳಲ್ಲಿ ಹೊಲಿಗೆಯೂ ಒಂದು. ವಿಧವೆಗೆ, ಪರಿತ್ಯಕ್ತೆಗೆ, ಬರಗಾಲದಲ್ಲಿ ಮನೆಮಾರು ಕಳೆದುಕೊಂಡವಳಿಗೆ, ದುಡಿಯುವ ಗಂಡಸಿಲ್ಲದ ಮನೆಯ ಹೆಂಗಸಿಗೆ ಹೊಲಿಗೆ ಕಲಿಸುವ ಪದ್ಧತಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದ ಆಶ್ರಮಗಳಿಂದ ಹಿಡಿದು ಇಂದಿನ ತರಬೇತಿ ಕೇಂದ್ರಗಳವರೆಗೆ ಅವಿಚ್ಛಿನ್ನವಾಗಿ ನಡೆದುಬಂದಿದೆ. ಮನೆಯೊಳಗೆ ಕುಳಿತು ಮಾಡಬಹುದಾದ ಕೆಲಸ, ಸ್ವಲ್ಪ ಬಂಡವಾಳ ಸಾಕು, ಮಾನಕ್ಕೆ ಕುಂದಿಲ್ಲ ಎಂಬ ಕಾರಣಗಳಿಂದ ಸೂಜಿದಾರವು ಸುಧಾರಕರಿಗೂ ಸಂಪ್ರದಾಯಸ್ಥರಿಗೂ ಒಪ್ಪಿಗೆಯಾಯಿತು. ಇಂದು ಅದೇ ಕಲಿಕೆಗೆ ಫ್ಯಾಷನ್ ವಿನ್ಯಾಸ, ಸಿದ್ಧ ಉಡುಪು ತಯಾರಿಕೆ ಎಂಬ ಹೊಸ ಹೆಸರುಗಳು ಬಂದಿವೆ. ಹೆಸರು ಬದಲಾದರೂ ಮೂಲ ಪ್ರಶ್ನೆ ಹಾಗೆಯೇ ಉಳಿದಿದೆ. ಹೊಲಿಯಲು ಕಲಿತ ಮಾತ್ರಕ್ಕೆ ಹೆಣ್ಣು ಸ್ವತಂತ್ರಳಾಗುತ್ತಾಳೆಯೇ?

ಕೌಶಲವೇ ಬಲವೆಂದು ಸಾಮಾನ್ಯವಾಗಿ ನಂಬಲಾಗುತ್ತದೆ. ಆದರೆ ಭಾರತದ ಬಹುಪಾಲು ಬಡ ಹೆಂಗಸರ ಕೈಯಲ್ಲಿ ಕೌಶಲ ಹಿಂದಿನಿಂದಲೂ ಇತ್ತು. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುವ ಹೆಂಗಸಿಗೆ, ಎಳೆ ಎಣಿಸಿ ಕಸೂತಿ ಹಾಕುವ ಅಜ್ಜಿಗೆ, ಕನ್ನಡಿ ಕವಡೆಗಳನ್ನು ಕೂಡಿಸಿ ಲಂಗ ಸಿಂಗರಿಸುವ ಲಂಬಾಣಿ ತಾಯಿಗೆ ಯಾವ ಶಾಲೆಯೂ ಸೂಜಿ ಹಿಡಿಯುವುದನ್ನು ಕಲಿಸಬೇಕಾಗಿರಲಿಲ್ಲ. ಅವರಿಗೆ ಇಲ್ಲದಿದ್ದದ್ದು ಅಳತೆ, ಬೆಲೆ, ಮಾರುಕಟ್ಟೆ ಮತ್ತು ವಿನ್ಯಾಸಗಳ ಮೇಲಿನ ಅಧಿಕಾರ. ಈ ಅಧಿಕಾರ ಹೆಣ್ಣಿನ ಕೈಗೆ ದಾಟುವಲ್ಲಿ ಮಾರ್ಗದರ್ಶನದ ಪಾತ್ರವೇನು ಎಂಬುದನ್ನು ಕೆಲವು ನಿದರ್ಶನಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ವಿಷಯದಲ್ಲಿ ಕನ್ನಡದ ಪದಸಂಪತ್ತೇ ಒಂದು ಸಾಕ್ಷ್ಯ ಒದಗಿಸುತ್ತದೆ. ಹೊಲಿಗೆಯನ್ನು ವೃತ್ತಿಯಾಗಿ ಸೂಚಿಸುವ ಚಿಪ್ಪಿಗ, ಸಿಂಪಿಗ ಎಂಬ ಹಳೆಯ ಪದಗಳು ಪುಲ್ಲಿಂಗರೂಪದವು. ಫಾರಸಿಯಿಂದ ಬಂದ ದರ್ಜಿ, ಇಂಗ್ಲಿಷಿನಿಂದ ಬಂದ ಟೇಲರ್ ಎಂಬ ಪದಗಳೂ ಬಳಕೆಯಲ್ಲಿ ಬಹುಕಾಲ ಗಂಡಸನ್ನೇ ಸೂಚಿಸಿದವು. ಹೆಂಗಸರ ಹೊಲಿಗೆಗೆ ಸಂಬಂಧಿಸಿದ ಕಸೂತಿ, ಕೌದಿ ಮೊದಲಾದ ಪದಗಳಾದರೋ ವಸ್ತುವನ್ನೋ ಕಲೆಯನ್ನೋ ಹೆಸರಿಸುತ್ತವೆ, ಮಾಡುವವಳನ್ನು ಹೆಸರಿಸುವುದಿಲ್ಲ. ಹನ್ನೆರಡನೆಯ ಶತಮಾನದ ವಚನ ಚಳವಳಿಯು ಕಾಯಕದ ಹೆಸರನ್ನೇ ವ್ಯಕ್ತಿಯ ಹೆಸರಿಗೆ ಜೋಡಿಸಿ ದುಡಿಮೆಗೆ ಘನತೆ ತಂದಿತು. ಅಲ್ಲಿ ನೂಲುವ ಕದಿರು ರೆಮ್ಮವ್ವೆಯ ಹೆಸರಿನಲ್ಲಿದೆ. ಸೂಜಿಯ ಕಾಯಕ ರಾಮಿತಂದೆಯ ಹೆಸರಿನಲ್ಲಿದೆ. ಮನೆಯೊಳಗಿನ ಹೊಲಿಗೆ ಹೆಣ್ಣಿನದು, ಕೂಲಿಗೆ ಹೊಲಿಯುವ ವೃತ್ತಿ ಗಂಡಿನದು ಎಂಬ ವಿಭಜನೆ ಭಾಷೆಯಲ್ಲಿಯೇ ಹೀಗೆ ಬೇರೂರಿದೆ. ಹೆಣ್ಣಿನ ಹೊಲಿಗೆಗೆ ಬೆಲೆ ಕಟ್ಟುವ ಪ್ರಶ್ನೆ ಬಂದಾಗಲೆಲ್ಲ ಈ ವಿಭಜನೆ ಅಡ್ಡಬಂದಿದೆ.

೨

ಆಶ್ರಯ ಮತ್ತು ಕೌಶಲಗಳನ್ನು ಒಂದುಗೂಡಿಸಿದ ಆರಂಭದ ಪ್ರಯತ್ನಗಳಲ್ಲಿ ಪಂಡಿತಾ ರಮಾಬಾಯಿಯವರ (೧೮೫೮–೧೯೨೨) ಕಾರ್ಯ ಮುಖ್ಯವಾದದ್ದು. ಕನ್ನಡ ನಾಡಿನೊಡನೆ ಅವರಿಗಿದ್ದ ಸಂಬಂಧ ಗಮನಾರ್ಹ. ಅವರು ಹುಟ್ಟಿದ್ದು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಸಂಪ್ರದಾಯಸ್ಥರ ವಿರೋಧವನ್ನು ಲೆಕ್ಕಿಸದೆ ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ಲಕ್ಷ್ಮೀಬಾಯಿ ಅದನ್ನು ಮಗಳಿಗೆ ಕಲಿಸಿದರು. ಕಲಿತವಳು ಕಲಿಸುವವಳಾಗುವ ಈ ಪರಂಪರೆ ರಮಾಬಾಯಿಯವರ ಮುಂದಿನ ಎಲ್ಲ ಸಂಸ್ಥೆಗಳಿಗೂ ಮಾದರಿಯಾಯಿತೆನ್ನಬಹುದು.

ಬರಗಾಲದ ದಿನಗಳಲ್ಲಿ ತಂದೆತಾಯಿಯನ್ನು ಕಳೆದುಕೊಂಡು, ೧೮೮೨ರಲ್ಲಿ ಪತಿಯನ್ನೂ ಕಳೆದುಕೊಂಡ ರಮಾಬಾಯಿ ವೈಧವ್ಯದ ಅಸಹಾಯಕತೆಯನ್ನು ಪುಸ್ತಕದಿಂದ ಅರಿತವರಲ್ಲ. ೧೮೮೭ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷ್ ಕೃತಿಯಲ್ಲಿ ಉಚ್ಚ ಜಾತಿಯ ಹಿಂದೂ ಸ್ತ್ರೀಯ ಸ್ಥಿತಿಯನ್ನು ವಿವರಿಸಿ, ಸ್ವಾವಲಂಬನೆ ಮತ್ತು ಶಿಕ್ಷಣ ಆಕೆಯ ಮುಖ್ಯ ಅಗತ್ಯಗಳೆಂದು ಅವರು ವಾದಿಸಿದರು. ಅಕ್ಷರ ಮತ್ತು ಕೈಕಸುಬು ಎರಡನ್ನೂ ಒಂದೇ ಸೂರಿನಡಿ ಕಲಿಸುವ ವಿಧವಾಗೃಹಗಳು ಬೇಕೆಂಬುದು ಅವರ ಪ್ರತಿಪಾದನೆಯಾಗಿತ್ತು. ೧೮೮೯ರ ಮಾರ್ಚಿಯಲ್ಲಿ ಮುಂಬಯಿಯಲ್ಲಿ ಶಾರದಾ ಸದನ ಆರಂಭವಾಯಿತು. ಮರುವರ್ಷ ಅದು ಪುಣೆಗೆ ಸ್ಥಳಾಂತರಗೊಂಡಿತು. ಅಲ್ಲಿ ಕಲಿತ ಗೋದೂಬಾಯಿ ೧೮೯೩ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ವಿವಾಹವಾದರು. ಕರ್ವೆಯವರು ೧೮೯೬ರಲ್ಲಿ ವಿಧವಾಶ್ರಮವನ್ನೂ ೧೯೧೬ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನೂ ಸ್ಥಾಪಿಸಿದ್ದು ಸರ್ವವಿದಿತ.

೧೮೯೬–೯೭ರ ಬರಗಾಲದಲ್ಲಿ ರಮಾಬಾಯಿ ಮಧ್ಯಪ್ರಾಂತದಿಂದ ನೂರಾರು ಅನಾಥ ಹೆಣ್ಣುಮಕ್ಕಳನ್ನು ಕರೆತಂದು ಪುಣೆಯ ಸಮೀಪದ ಕೇಡಗಾಂವದ ಮುಕ್ತಿ ಸದನದಲ್ಲಿ ನೆಲೆಗೊಳಿಸಿದರು. ೧೯೦೦ರ ಸುಮಾರಿಗೆ ಅಲ್ಲಿನ ನಿವಾಸಿಗಳ ಸಂಖ್ಯೆ ಸಾವಿರವನ್ನು ಮೀರಿತ್ತು. ಅಷ್ಟೊಂದು ಜನಕ್ಕೆ ಹೊರಗಿನಿಂದ ಗುರುಗಳನ್ನು ಒದಗಿಸುವುದು ಅಸಾಧ್ಯವಾಗಿತ್ತು. ಶಾರದಾ ಸದನದಲ್ಲಿ ಮೊದಲೇ ಕಲಿತವರು ಹೊಸಬರಿಗೆ ಶಿಕ್ಷಕಿಯರೂ ಮೇಲ್ವಿಚಾರಕಿಯರೂ ಆದರು. ನೇಯ್ಗೆ, ಹೊಲಿಗೆ, ಹೈನುಗಾರಿಕೆ, ತೋಟಗಾರಿಕೆ, ಅಡಿಗೆ ಮೊದಲಾದ ಕೆಲಸಗಳ ಜೊತೆಗೆ ಮುದ್ರಣಾಲಯದ ಕೆಲಸವನ್ನೂ ಹೆಂಗಸರೇ ನಿರ್ವಹಿಸಿದರು.

ಇಲ್ಲಿ ಎರಡು ಅಂಶಗಳು ಮುಖ್ಯ. ಮೊದಲನೆಯದು, ರಮಾಬಾಯಿ ಹೊಲಿಗೆಯನ್ನು ಹೆಣ್ಣಿನ ಏಕಮಾತ್ರ ಕೆಲಸವೆಂದು ಭಾವಿಸಲಿಲ್ಲ. ಮೊಳೆ ಜೋಡಿಸಿ ಪುಸ್ತಕ ಮುದ್ರಿಸುವ ಕೆಲಸದ ಪಕ್ಕದಲ್ಲಿ ಇರಿಸಿದಾಗ ಸೂಜಿಯ ಕೆಲಸಕ್ಕೆ ಆಯ್ಕೆಯ ಅರ್ಥ ಬಂತು. ಅದು ಹಣೆಬರಹವಾಗಿ ಉಳಿಯಲಿಲ್ಲ. ಎರಡನೆಯದು, ನಿನ್ನೆ ಆಶ್ರಯ ಬೇಡಿ ಬಂದವಳು ಇಂದು ಇನ್ನೊಬ್ಬಳಿಗೆ ಕಲಿಸಿದಾಗ ಆಕೆಯ ಸ್ಥಾನ ಬದಲಾಯಿತು. ಆದರೂ ಈ ಮಾದರಿಗೆ ಒಂದು ಮಿತಿಯಿತ್ತು. ಸಂಸ್ಥೆಯ ಆವರಣ ಧರ್ಮದ ಆವರಣವೂ ಆಗಿತ್ತು. ಶಾರದಾ ಸದನದ ಮೇಲೆ ಮತಾಂತರದ ಆಪಾದನೆ ಬಂದು ೧೮೯೩ರಲ್ಲಿ ಅದರ ಹಿಂದೂ ಬೆಂಬಲಿಗರು ದೂರ ಸರಿದದ್ದು ಇತಿಹಾಸ. ಕೆಲಸ ಕಲಿತ ಹೆಣ್ಣು ಆಶ್ರಮದ ಹೊರಗೆ, ಮಾರುಕಟ್ಟೆಯ ನಡುವೆ ಹೇಗೆ ನಿಲ್ಲಬೇಕು ಎಂಬ ಪ್ರಶ್ನೆ ಮುಂದಿನ ಶತಮಾನಕ್ಕೆ ಉಳಿಯಿತು.

೩

ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದ ಸಂಸ್ಥೆ ಅಹಮದಾಬಾದಿನ ಸ್ವಯಂ ಉದ್ಯೋಗಿ ಮಹಿಳೆಯರ ಸಂಘ, ಅಂದರೆ ‘ಸೇವಾ’. ಇಳಾ ಭಟ್ ಅವರ ನೇತೃತ್ವದಲ್ಲಿ ೧೯೭೨ರಲ್ಲಿ ಇದು ಕಾರ್ಮಿಕ ಸಂಘವಾಗಿ ನೋಂದಾಯಿತವಾಯಿತು. ಮಾಲೀಕನೆಂದು ಬೆರಳು ಮಾಡಿ ತೋರಿಸಲು ಯಾರೂ ಇಲ್ಲದ ಹೆಂಗಸರು ಕಾರ್ಮಿಕ ಸಂಘ ಕಟ್ಟುವುದು ಹೇಗೆ ಎಂಬ ಆಕ್ಷೇಪವನ್ನು ದಾಟಿಯೇ ಈ ನೋಂದಣಿ ಸಾಧ್ಯವಾಯಿತು.

ಅಹಮದಾಬಾದಿನ ಬಟ್ಟೆ ಗಿರಣಿಗಳಲ್ಲಿ ಉಳಿದ ತುಂಡುಬಟ್ಟೆಗೆ ಅಲ್ಲಿ ಚಿಂದಿ ಎನ್ನುತ್ತಾರೆ. ಕನ್ನಡದಲ್ಲಿಯೂ ಈ ಪದವಿದೆ. ದರಿಯಾಪುರ ಮೊದಲಾದ ಬಡಾವಣೆಗಳ ಮುಸ್ಲಿಂ ಹೆಂಗಸರು ವ್ಯಾಪಾರಿಗಳಿಂದ ಚಿಂದಿಯನ್ನು ಪಡೆದು, ಮನೆಯಲ್ಲಿ ಹೊಲಿದು, ಖೋಳ ಎಂಬ ಹೊದಿಕೆಯ ಕವಚಗಳನ್ನು ಮಾಡಿಕೊಡುತ್ತಿದ್ದರು. ಖೋಳವು ನಮ್ಮ ಕೌದಿಯ ಹತ್ತಿರದ ಬಂಧು. ಕೌದಿಯಲ್ಲಿ ಮನೆಮಂದಿಯ ಹಳೆಯ ಬಟ್ಟೆ ಇರುತ್ತದೆ, ಖೋಳದಲ್ಲಿ ಗಿರಣಿಯ ಬಟ್ಟೆ ಇರುತ್ತದೆ. ಆದರೆ ಆರ್ಥಿಕವಾಗಿ ಇವುಗಳ ನಡುವಿನ ಅಂತರ ದೊಡ್ಡದು. ಕೌದಿ ಹೊಲಿಯುವವಳಿಗೆ ಬಟ್ಟೆ ಕೊಡುವವಳೂ ಬಳಸುವವಳೂ ಪರಿಚಿತರು. ಖೋಳ ಹೊಲಿಯುವವಳಿಗೆ ಬಟ್ಟೆ ಎಲ್ಲಿಂದ ಬಂತು, ಸರಕು ಎಷ್ಟಕ್ಕೆ ಮಾರಾಟವಾಯಿತು ಎಂಬುದು ತಿಳಿಯುತ್ತಿರಲಿಲ್ಲ. ಹೊಲಿಗೆಯಂತ್ರ, ದಾರ, ದೀಪ ಎಲ್ಲದರ ಖರ್ಚೂ ಅವಳದೇ. ತುಂಡಿಗೆ ಇಷ್ಟೆಂಬ ದರ ಮಾತ್ರ ವ್ಯಾಪಾರಿಯದು.

ಈ ಹೆಂಗಸರು ಹೆಚ್ಚಿನ ದರ ಕೇಳಿದಾಗ ವ್ಯಾಪಾರಿಗಳು ಕೆಲಸ ಕೊಡುವುದನ್ನೇ ನಿಲ್ಲಿಸಿದರು. ಆಗ ಸೇವಾ ಕಂಡುಕೊಂಡ ಮಾರ್ಗ ಬೋಧಪ್ರದವಾದದ್ದು. ಹೆಂಗಸರೇ ಸಹಕಾರಿ ಸಂಸ್ಥೆಯಾಗಿ ಸಂಘಟಿತರಾಗಿ ಗಿರಣಿಯಿಂದ ನೇರವಾಗಿ ಚಿಂದಿ ಕೊಳ್ಳತೊಡಗಿದರು. ಚಿಂದಿಯ ಗುಣ ನೋಡುವುದು, ತೂಕ ಮಾಡುವುದು, ದರ ಕುದುರಿಸುವುದು, ಲೆಕ್ಕ ಬರೆಯುವುದು, ಮಾರುವುದು ಇವು ಅವರ ಹೊಸ ವಿದ್ಯೆಗಳಾದವು. ಇಲ್ಲಿ ಮಾರ್ಗದರ್ಶನವೆಂದರೆ ಹೊಲಿಗೆ ಕಲಿಸುವುದಲ್ಲ. ಹೊಲಿಗೆಯ ಹಿಂದಿನ ಮತ್ತು ಮುಂದಿನ ಹಂತಗಳನ್ನು ಕಲಿಸುವುದು. ಇದಕ್ಕೆ ಪೂರಕವಾಗಿ ೧೯೭೪ರಲ್ಲಿ ಸುಮಾರು ನಾಲ್ಕು ಸಾವಿರ ಸದಸ್ಯೆಯರು ತಲಾ ೧೦ ರೂಪಾಯಿ ಹಾಕಿ ತಮ್ಮದೇ ಸಹಕಾರಿ ಬ್ಯಾಂಕನ್ನು ಸ್ಥಾಪಿಸಿಕೊಂಡಿದ್ದರು. ಸಾಲಕ್ಕಾಗಿ ವ್ಯಾಪಾರಿಯ ಮುಂದೆ ಕೈಚಾಚುವ ಅಗತ್ಯ ಕಡಿಮೆಯಾದಾಗ ಮಾತ್ರ ದರದ ಮಾತಿಗೆ ಬೆಲೆ ಬರುತ್ತದೆ ಎಂಬ ತಿಳಿವಳಿಕೆ ಇದರ ಹಿಂದೆ ಇತ್ತು. ಮನೆಯಲ್ಲಿ ಕುಳಿತು ಮಾಡುವ ದುಡಿಮೆಯನ್ನು ಕುರಿತು ೧೯೯೬ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಅಂಗೀಕರಿಸಿದ ೧೭೭ನೆಯ ಒಡಂಬಡಿಕೆಗಾಗಿ ಶ್ರಮಿಸಿದವರಲ್ಲಿ ಸೇವಾ ಸಂಘಟನೆಯೂ ಸೇರಿತ್ತು.

೪

ಅಹಮದಾಬಾದಿನ ನಿದರ್ಶನದಲ್ಲಿ ಪ್ರಶ್ನೆ ದರದ್ದು. ಸಾಂಪ್ರದಾಯಿಕ ಕಸೂತಿಯ ಸಂದರ್ಭದಲ್ಲಿ ಅದರ ಜೊತೆಗೆ ವಿನ್ಯಾಸದ ಪ್ರಶ್ನೆಯೂ ಸೇರುತ್ತದೆ. ಈ ಕ್ಷೇತ್ರದಲ್ಲಿ ರಾಷ್ಟ್ರಮಟ್ಟದ ಚಿಂತನೆಗೆ ರೂಪು ಕೊಟ್ಟವರು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ (೧೯೦೩–೧೯೮೮). ಬಾಲ್ಯದಲ್ಲಿಯೇ ವೈಧವ್ಯವನ್ನು ಕಂಡ ಅವರು ೧೯೪೮ರಲ್ಲಿ ಭಾರತೀಯ ಸಹಕಾರಿ ಒಕ್ಕೂಟವನ್ನು ಕಟ್ಟಿ ದೇಶವಿಭಜನೆಯ ನಿರಾಶ್ರಿತರ ಪುನರ್ವಸತಿಗೆ ದುಡಿದರು. ೧೯೫೨ರಲ್ಲಿ ರಚಿತವಾದ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷೆಯಾದರು. ನಿರಾಶ್ರಿತರಿಗೆ ದಾನಕ್ಕಿಂತ ಸಹಕಾರಿ ದುಡಿಮೆ ಮೇಲೆಂಬ ನಿಲುವೂ ಕುಶಲಕರ್ಮಿಗೂ ನಗರದ ಗ್ರಾಹಕನಿಗೂ ನಡುವೆ ಸೇತುವೆ ಬೇಕೆಂಬ ನಿಲುವೂ ಅವರ ಕಾರ್ಯದಲ್ಲಿ ಒಂದಾಗಿದ್ದವು.

ಧಾರವಾಡ ಭಾಗದ ಕಸೂತಿಯ ಸ್ವರೂಪವನ್ನು ಗಮನಿಸಿದರೆ ಈ ಸೇತುವೆ ಕಟ್ಟುವ ಕಷ್ಟ ತಿಳಿಯುತ್ತದೆ. ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಎಣಿಸುತ್ತ ಗೋಪುರ, ತೇರು, ಪಲ್ಲಕ್ಕಿ, ಆನೆ, ತುಳಸಿಕಟ್ಟೆಗಳನ್ನು ಮೂಡಿಸಬೇಕು. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳು ಇದರ ಜೀವಾಳ. ಗವಂತಿ ಮತ್ತು ಮುರ್ಗಿಗಳಲ್ಲಿ ಬಟ್ಟೆಯ ಎರಡು ಮಗ್ಗುಲಲ್ಲಿಯೂ ಚಿತ್ರ ಒಂದೇ ತೆರನಾಗಿ ಕಾಣಬೇಕು, ಗಂಟು ಎಲ್ಲಿಯೂ ಕಾಣಬಾರದು. ಒಂದು ಎಳೆ ತಪ್ಪಿದರೆ ಸಾಲು ತಪ್ಪುತ್ತದೆ. ಬಿಚ್ಚಿ ಮತ್ತೆ ಹಾಕಬೇಕು. ಕೈ ಪಳಗಲು ವರ್ಷಗಳು ಬೇಕು, ಕಣ್ಣಿಗೂ ಶ್ರಮ ಹೆಚ್ಚು. ಇಳಕಲ್ ಸೀರೆಯ ಮೇಲೆ ಮಗಳ ಮದುವೆಗೆಂದು ತಾಯಿ ಕಸೂತಿ ಹಾಕುವಾಗ ಈ ಶ್ರಮಕ್ಕೆ ಲೆಕ್ಕವಿರುವುದಿಲ್ಲ. ಅದೇ ಕೆಲಸ ಮಾರಾಟಕ್ಕೆ ಬಂದಾಗ, ಲೆಕ್ಕವಿಲ್ಲದ ಶ್ರಮವೆಂಬ ಹಳೆಯ ಭಾವನೆಯೇ ಕಡಿಮೆ ಕೂಲಿಗೆ ಸಮರ್ಥನೆಯಾಗುತ್ತದೆ. ಪ್ರೀತಿಯಿಂದ ಮಾಡುವ ಕೆಲಸಕ್ಕೆ ಗಂಟೆ ಎಣಿಸುವುದೇಕೆ ಎಂಬ ವಾದಕ್ಕೆ ಉತ್ತರ ಹೇಳುವುದನ್ನು ಕಲಿಯುವುದೂ ಕಸೂತಿಯ ಕಲಿಕೆಯ ಒಂದು ಭಾಗವಾಗಬೇಕು.

ಬಳ್ಳಾರಿ ಜಿಲ್ಲೆಯ ಸಂಡೂರಿನ ಲಂಬಾಣಿ ಕಸೂತಿ ಇದಕ್ಕಿಂತ ಭಿನ್ನವಾದ ಸಾಮಾಜಿಕ ಹಿನ್ನೆಲೆಯುಳ್ಳದ್ದು. ಗಣಿಗಾರಿಕೆಗೆ ಹೆಸರಾದ ಈ ಪ್ರದೇಶದ ತಾಂಡಾಗಳ ಹೆಂಗಸರಿಗೆ ಕೂಲಿಗಾಗಿ ವಲಸೆ ಹೋಗುವುದು ಬದುಕಿನ ಭಾಗವಾಗಿತ್ತು. ಅವರ ಉಡುಪಿನ ಕನ್ನಡಿ, ಕವಡೆ, ನಾಣ್ಯ, ಬಣ್ಣದ ಬಟ್ಟೆತುಂಡುಗಳ ಕೆಲಸವು ಹೊರಗಿನವರ ಕಣ್ಣಿಗೆ ಕೇವಲ ವೇಷವಾಗಿ ಕಂಡಿತ್ತು. ೧೯೮೦ರ ದಶಕದಲ್ಲಿ ಆರಂಭವಾದ ಸಂಡೂರು ಕುಶಲ ಕಲಾ ಕೇಂದ್ರವು ಈ ಹೆಂಗಸರಿಗೆ ಕೆಲಸವನ್ನೂ ಮಾರಾಟದ ವ್ಯವಸ್ಥೆಯನ್ನೂ ಒದಗಿಸಿತು. ತಾಯಿಯ ಲಂಗದ ಮೇಲಿದ್ದ ಹೊಲಿಗೆ ಇಂದಿನ ಕುರ್ತಾ, ಶಾಲು, ಚೀಲ, ದಿಂಬಿನ ಹೊದಿಕೆಗಳ ಮೇಲೆ ಬಂದಿತು. ೨೦೧೦ರಲ್ಲಿ ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ೨೦೨೩ರ ಜುಲೈಯಲ್ಲಿ ಹಂಪಿಯಲ್ಲಿ ನಡೆದ ಜಿ–೨೦ ಸಂಸ್ಕೃತಿ ಸಭೆಯ ಸಂದರ್ಭದಲ್ಲಿ ೪೫೦ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಸಿದ್ಧಪಡಿಸಿದ ೧,೭೫೫ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು.

ಈ ಗೌರವಗಳು ಸಂತೋಷದ ಸಂಗತಿ. ಆದರೆ ಭೌಗೋಳಿಕ ಸೂಚಕವು ವಸ್ತುವಿನ ಹೆಸರನ್ನು ಕಾಪಾಡುತ್ತದೆ, ಅದನ್ನು ಹೊಲಿದವಳ ಕೂಲಿಯನ್ನು ತಾನಾಗಿ ಕಾಪಾಡುವುದಿಲ್ಲ. ನಗರದ ವಿನ್ಯಾಸಕರು ಕಾಗದದ ಮೇಲೆ ನಕ್ಷೆ ಬರೆದು ಕಳುಹಿಸಿ, ತಾಂಡಾದ ಹೆಂಗಸು ಅದನ್ನು ಬಟ್ಟೆಗೆ ಇಳಿಸಿಕೊಡುವಷ್ಟಕ್ಕೆ ವ್ಯವಹಾರ ಮುಗಿದರೆ, ವಿನ್ಯಾಸದ ಮೂಲ ಒಡತಿಯೇ ಕೂಲಿಯವಳಾಗುತ್ತಾಳೆ. ಯಾವ ಬಣ್ಣದ ಪಕ್ಕದಲ್ಲಿ ಯಾವ ಬಣ್ಣ, ಎಲ್ಲಿ ಕನ್ನಡಿ, ಎಲ್ಲಿ ಖಾಲಿ ಜಾಗ ಎಂಬ ನಿರ್ಣಯದಲ್ಲಿ ಆಕೆಯ ಮಾತು ನಡೆದಾಗಲೇ ಆ ಕಲೆ ಆಕೆಯದಾಗಿ ಉಳಿಯುತ್ತದೆ.

೫

ಇಷ್ಟು ನಿದರ್ಶನಗಳ ಹಿನ್ನೆಲೆಯಲ್ಲಿ ಹೊಲಿಗೆ ಅಂಗಡಿಯ ಒಳರಚನೆಯನ್ನು ನೋಡಬಹುದು. ಸೂಜಿ ಕೂಡಿಸುತ್ತದೆ, ಕತ್ತರಿ ಬೇರ್ಪಡಿಸುತ್ತದೆ; ಆದ್ದರಿಂದ ಸೂಜಿಯೇ ಮೇಲೆಂದು ನೀತಿ ಹೇಳುವುದುಂಟು. ಅಂಗಡಿಯ ಲೆಕ್ಕ ಇದಕ್ಕೆ ತದ್ವಿರುದ್ಧ. ಅಲ್ಲಿ ಅಳತೆ ತೆಗೆದು ಬಟ್ಟೆ ಕತ್ತರಿಸುವವನು ಮಾಸ್ತರ. ಕಾಜಾ ಮಾಡುವುದು, ಗುಂಡಿ ಹಚ್ಚುವುದು, ಅಂಚು ಮಡಿಸಿ ಕೈಹೊಲಿಗೆ ಹಾಕುವುದು ಇವು ಕೆಳಗಿನ ಕೆಲಸಗಳು. ಹೆಂಗಸರಿಗೆ ಬರುವುದು ಬಹುಮಟ್ಟಿಗೆ ಇವೇ.

ಇದಕ್ಕೆ ಕಾರಣ ಜಾಣ್ಮೆಯ ಕೊರತೆಯಲ್ಲ, ನಷ್ಟದ ಭಯ. ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಕತ್ತರಿ ತಪ್ಪಿದರೆ ಬಟ್ಟೆ ಹೋಯಿತು. ಎದೆ, ಸೊಂಟ, ತೋಳಿನ ಅಳತೆಗಳನ್ನು ಹಿಡಿದು, ಬಟ್ಟೆಯ ಉದ್ದೆಳೆ ಅಡ್ಡೆಳೆಗಳನ್ನು ಗಮನಿಸಿ, ಹೊಲಿಗೆಗೆ ಅಂಚು ಬಿಟ್ಟು, ತುಂಡು ಹೆಚ್ಚು ಉಳಿಯದಂತೆ ಗುರುತು ಹಾಕಿ ಕತ್ತರಿಸುವ ವಿದ್ಯೆ ಕೇಳಿ ಕಲಿಯುವಂಥದ್ದಲ್ಲ, ಕೆಡಿಸಿ ಕಲಿಯುವಂಥದ್ದು. ಕೆಟ್ಟ ಬಟ್ಟೆಯ ಬೆಲೆಯನ್ನು ಯಾರು ಹೊರಬೇಕು? ಬಡ ಹೆಂಗಸಿಗೆ ಅದನ್ನು ಹೊರುವ ಶಕ್ತಿಯಿಲ್ಲ. ಅಂಗಡಿಯವನಿಗೆ ಹೊರುವ ಮನಸ್ಸಿಲ್ಲ. ಆದ್ದರಿಂದ ಆಕೆ ವರ್ಷಗಟ್ಟಲೆ ಗುಂಡಿ ಹಚ್ಚುತ್ತಲೇ ಇರುತ್ತಾಳೆ.

ಮಾರ್ಗದರ್ಶನದ ನಿಜವಾದ ಅರ್ಥ ಇಲ್ಲಿ ಸ್ಪಷ್ಟವಾಗುತ್ತದೆ. ಶಿಷ್ಯೆ ಕೆಡಿಸಿದ ಮೊದಲ ಬಟ್ಟೆಯ ಹೊರೆಯನ್ನು ತಾನು ಹೊರಲು ಸಿದ್ಧನಿರುವವನು ಅಥವಾ ಸಿದ್ಧಳಿರುವವಳೇ ಮಾರ್ಗದರ್ಶಿ. ಮೊದಲು ಹಳೆಯ ಪತ್ರಿಕೆಯ ಮೇಲೆ, ಬಳಿಕ ಹಳೆಯ ಬಟ್ಟೆಯ ಮೇಲೆ, ಅನಂತರ ಅಗ್ಗದ ಹತ್ತಿಬಟ್ಟೆಯ ಮೇಲೆ, ಕೊನೆಗೆ ಗಿರಾಕಿಯ ಬಟ್ಟೆಯ ಮೇಲೆ ಕತ್ತರಿ ಹಿಡಿಯುವಂತೆ ಹಂತಹಂತವಾಗಿ ಧೈರ್ಯ ತುಂಬುವುದು ಉತ್ತಮ ತರಬೇತಿಯ ಲಕ್ಷಣ. ಮೂರು ತಿಂಗಳ ತರಗತಿ ನಡೆಸಿ ಪ್ರಮಾಣಪತ್ರವನ್ನೂ ಹೊಲಿಗೆಯಂತ್ರವನ್ನೂ ಕೈಗಿತ್ತು ಕಳುಹಿಸುವ ಯೋಜನೆಗಳು ಅನೇಕ ವೇಳೆ ಫಲಿಸದಿರುವುದಕ್ಕೆ ಕಾರಣವನ್ನೂ ಇಲ್ಲಿಯೇ ಹುಡುಕಬೇಕು. ಯಂತ್ರ ಮನೆಗೆ ಬಂದ ದಿನದಿಂದ ಮೊದಲ ಗಿರಾಕಿ ಮರಳಿ ಬರುವ ದಿನದವರೆಗಿನ ಅವಧಿಯೇ ಅತ್ಯಂತ ಕಠಿಣವಾದದ್ದು. ಕುಪ್ಪಸದ ತೋಳು ಬಿಗಿಯಾಯಿತೆಂದು ಗಿರಾಕಿ ಮುನಿದಾಗ, ನೆರೆಯವರು ಹಣ ಕೊಡದೆ ಹೊಲಿಸಿಕೊಂಡಾಗ, ಗಳಿಕೆಯನ್ನು ಮನೆಯ ಗಂಡಸು ಕಿತ್ತುಕೊಂಡಾಗ ಕೇಳಲು ಒಬ್ಬರಿರಬೇಕು. ತರಬೇತಿ ಮುಗಿದ ಮೇಲೆಯೇ ಮಾರ್ಗದರ್ಶನ ಆರಂಭವಾಗುತ್ತದೆ.

ಸಿದ್ಧ ಉಡುಪಿನ ಕಾರ್ಖಾನೆಗಳು ಈ ಸಮಸ್ಯೆಯನ್ನು ಬೇರೊಂದು ರೂಪದಲ್ಲಿ ಮುಂದಿಡುತ್ತವೆ. ಬೆಂಗಳೂರಿನ ಉಡುಪು ಉದ್ಯಮದ ದುಡಿಮೆಗಾರರಲ್ಲಿ ಹೆಂಗಸರೇ ಬಹುಸಂಖ್ಯಾತರು. ಒಬ್ಬಳು ಕಾಲರನ್ನೇ, ಇನ್ನೊಬ್ಬಳು ತೋಳನ್ನೇ ದಿನವಿಡೀ ಹೊಲಿಯುವ ವ್ಯವಸ್ಥೆಯಲ್ಲಿ ಇಡೀ ಅಂಗಿಯನ್ನು ಮಾಡುವ ವಿದ್ಯೆ ಯಾರಿಗೂ ದಕ್ಕುವುದಿಲ್ಲ. ಕೆಲಸ ಬಿಟ್ಟುಬಂದವಳು ಹತ್ತು ವರ್ಷ ದುಡಿದಿದ್ದರೂ ತನ್ನದೇ ಅಂಗಡಿ ತೆರೆಯಲಾರದೆ ಹೋಗಬಹುದು. ಆದರೂ ಸಂಬಳ, ಸಹೋದ್ಯೋಗಿಗಳ ಒಡನಾಟ ಮತ್ತು ಕಾನೂನಿನ ರಕ್ಷಣೆಯ ಸಾಧ್ಯತೆ ಅಲ್ಲಿವೆ. ಭವಿಷ್ಯನಿಧಿಯ ಹಣ ಹಿಂತೆಗೆಯುವುದಕ್ಕೆ ನಿರ್ಬಂಧ ಹೇರುವ ನಿಯಮದ ವಿರುದ್ಧ ೨೦೧೬ರ ಏಪ್ರಿಲಿನಲ್ಲಿ ಬೆಂಗಳೂರಿನ ಸಾವಿರಾರು ಉಡುಪು ಕಾರ್ಮಿಕ ಹೆಂಗಸರು ಬೀದಿಗಿಳಿದಾಗ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ಪಡೆಯಿತು. ಒಂಟಿ ಯಂತ್ರದ ಮುಂದೆ ಮನೆಯಲ್ಲಿ ಕುಳಿತವಳಿಗೆ ಈ ಬಲ ಸುಲಭವಾಗಿ ಒದಗುವುದಿಲ್ಲ. ಸ್ವಂತ ಅಂಗಡಿಯೇ ಸ್ವಾತಂತ್ರ್ಯ, ಕಾರ್ಖಾನೆಯೆಂದರೆ ದಾಸ್ಯ ಎಂದು ಸರಳವಾಗಿ ವಿಂಗಡಿಸಲಾಗದು.

೬

ಮೇಲಿನ ವಿವೇಚನೆಯಿಂದ, ಉಡುಪಿನ ಕೌಶಲದ ಮೂಲಕ ಹೆಣ್ಣನ್ನು ಬಲಪಡಿಸುವ ಯಾವುದೇ ಪ್ರಯತ್ನವನ್ನು ಅಳೆಯಲು ಮೂರು ಪ್ರಶ್ನೆಗಳನ್ನು ಕೇಳಬಹುದು. ಕತ್ತರಿ ಯಾರ ಕೈಯಲ್ಲಿದೆ? ದರ ನಿಗದಿಪಡಿಸುವ ಮಾತು ಯಾರದು? ಕಲಿತವಳು ಇನ್ನೊಬ್ಬಳಿಗೆ ಕಲಿಸುವ ಸ್ಥಾನಕ್ಕೆ ಏರಿದ್ದಾಳೆಯೇ? ರಮಾಬಾಯಿಯವರ ಸಂಸ್ಥೆಗಳು ಮೂರನೆಯ ಪ್ರಶ್ನೆಗೂ ಸೇವಾ ಸಂಘಟನೆ ಎರಡನೆಯದಕ್ಕೂ ಸಮರ್ಥವಾದ ಉತ್ತರ ಕೊಟ್ಟವು. ಮೊದಲನೆಯ ಪ್ರಶ್ನೆಗೆ ಉತ್ತರ ಇನ್ನೂ ಬಹುಪಾಲು ಬಾಕಿಯಿದೆ. ತನ್ನ ಅಗತ್ಯವನ್ನು ತಾನೇ ಇಲ್ಲವಾಗಿಸಿಕೊಳ್ಳುವುದು ಮಾರ್ಗದರ್ಶಿಯ ಕೊನೆಯ ಕರ್ತವ್ಯ. ಶಿಷ್ಯೆಯರನ್ನು ಸದಾ ಶಿಷ್ಯೆಯರನ್ನಾಗಿಯೇ ಉಳಿಸಿಕೊಳ್ಳುವ ಸಂಸ್ಥೆ ಎಷ್ಟೇ ದಯಾಪರವಾಗಿದ್ದರೂ ಆಶ್ರಯವಾಗುತ್ತದೆ, ಬಿಡುಗಡೆಯಾಗುವುದಿಲ್ಲ.

ಕನ್ನಡ ಅಧ್ಯಯನಕ್ಕೂ ಇಲ್ಲಿ ಒಂದು ಹೊಣೆಯಿದೆ. ಕಸೂತಿ, ಕೌದಿ, ಲಂಬಾಣಿ ಹೊಲಿಗೆಗಳ ಪಾರಿಭಾಷಿಕ ಪದಗಳು, ಅಳತೆಯ ಮಾತುಗಳು, ಕಲಿಸುವಾಗ ಬಳಸುವ ನುಡಿಗಟ್ಟುಗಳು ಬಹುಮಟ್ಟಿಗೆ ಹೆಂಗಸರ ಬಾಯಲ್ಲಿಯೇ ಉಳಿದಿವೆ. ಹೊರನಾಡಿನ ಕನ್ನಡ ಕುಟುಂಬಗಳಲ್ಲಿ ಅವು ಮರಾಠಿ, ತೆಲುಗು, ಹಿಂದಿ ಪದಗಳೊಡನೆ ಬೆರೆತು ಹೊಸ ರೂಪ ಪಡೆಯುವ ಸಾಧ್ಯತೆಯೂ ಪರಿಶೀಲನೆಗೆ ಅರ್ಹ. ಇವುಗಳನ್ನು ಸಂಗ್ರಹಿಸುವಾಗ ಪದದ ಜೊತೆಗೆ ಅದನ್ನು ನುಡಿದವಳ ಹೆಸರನ್ನೂ ಆಕೆಯ ಒಪ್ಪಿಗೆ ಪಡೆದು ದಾಖಲಿಸುವುದು ಅಗತ್ಯ. ವಸ್ತುವಿಗೆ ಹೆಸರಿದ್ದು ಮಾಡಿದವಳಿಗೆ ಹೆಸರಿಲ್ಲದ ಸ್ಥಿತಿ ಕೋಶದಲ್ಲಿಯಾದರೂ ಮುಂದುವರಿಯಬಾರದು.